ವೀರಗಲ್ಲು ಹೇಳದ ಕಥೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಕೆರೆಯೇರಿಗಳಲ್ಲಿ, ಹೊಲದ ಬದುಗಳಲ್ಲಿ ವೀರಗಲ್ಲುಗಳು ನಿಂತಿವೆ. ತುರು ಕಾಯಲು, ಊರು ಉಳಿಸಲು ಹೋರಾಡಿ ಮಡಿದ ಗಂಡಸಿನ ಸ್ಮರಣೆ ಅವುಗಳಲ್ಲಿದೆ. ಆತನ ಮಡದಿಗೆ ಕಲ್ಲಿನಲ್ಲಿ ಸ್ಥಾನ ದೊರೆತದ್ದು ಬಹುಮಟ್ಟಿಗೆ ಆಕೆ ಚಿತೆಯೇರಿದಾಗ ಮಾತ್ರ, ಅದೇ ಮಾಸ್ತಿಕಲ್ಲು. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರೂ ‘ಮಹಾಸತಿ’ಯಿಂದಲೇ ಬಂದುದೆನ್ನುತ್ತಾರೆ. ಸಾಯದೆ ಉಳಿದು, ಮಕ್ಕಳನ್ನು ಸಾಕಿ, ಪಾಳುಬಿದ್ದ ಹೊಲವನ್ನು ಮತ್ತೆ ಹಸನು ಮಾಡಿದ ಹೆಣ್ಣಿಗೆ ನಿಲ್ಲಿಸಿದ ಕಲ್ಲು ಕಾಣಸಿಗುವುದು ಅಪರೂಪ.

ಈ ಸೀಮೆಗೆ ಯುದ್ಧ ಹೊಸದಲ್ಲ. 1768ರ ಅಕ್ಟೋಬರ್‌ನಲ್ಲಿ ಹೈದರಾಲಿಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೂ ಮುಳಬಾಗಿಲಿನಲ್ಲಿ ಕಾಳಗವಾಯಿತು. 1791ರಲ್ಲಿ ಕಾರ್ನ್‌ವಾಲಿಸನ ದಂಡು ಕೋಲಾರದ ಮಾರ್ಗವಾಗಿ ಬೆಂಗಳೂರಿಗೆ ನಡೆಯಿತು. ದಂಡು ಹಾದುಹೋದೆಡೆಯಲ್ಲೆಲ್ಲ ಎತ್ತು ಕುದುರೆಗಳಿಗೆ ಮೇವು ಬೇಕು, ಸೈನಿಕರಿಗೆ ಧಾನ್ಯ ಬೇಕು. ಅದನ್ನು ತೆತ್ತದ್ದು ರೈತನ ಹೊಲ. ಬರಿದಾದ ಮಡಕೆಯ ಮುಂದೆ ಕುಳಿತದ್ದು ಆ ಮನೆಯ ಹೆಣ್ಣು. ಇತಿಹಾಸದ ಪುಟಗಳಲ್ಲಿ ಸೇನಾನಿಗಳ ಹೆಸರುಗಳಿವೆ, ಆಕೆಯ ಹೆಸರಿಲ್ಲ.

ಆದರೂ ಊರುಗಳು ಉಳಿದವು. ಹೇಗೆ? ಒಂದು ಉತ್ತರ ಹಗೇವಿನಲ್ಲಿದೆ. ನೆಲದೊಳಗಿನ ಈ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬಾಯಿ ಮುಚ್ಚಿ ಮಣ್ಣು ಹರಡಿದರೆ ಹೊರಗಿನವರ ಕಣ್ಣಿಗೆ ಬೀಳದು. ಒಳ್ಳೆಯ ತೆನೆಯನ್ನು ಆರಿಸುವುದು, ಕಾಳಿಗೆ ಬೂದಿ, ಬೇವಿನ ಸೊಪ್ಪು ಬೆರೆಸಿ ಮುಂದಿನ ಬಿತ್ತನೆಗೆ ಕಾಯ್ದಿಡುವುದು ಹೆಂಗಸರ ವಿದ್ಯೆ. ಒಪ್ಪಂದಕ್ಕೆ ರುಜು ಬಿದ್ದ ದಿನ ಯುದ್ಧ ನಿಲ್ಲಬಹುದು. ಶಾಂತಿ ಮೊದಲಾಗುವುದು ಬೀಜ ಮತ್ತೆ ಮಣ್ಣಿಗೆ ಬಿದ್ದ ದಿನ.

ಮುಳಬಾಗಿಲು ತಾಲ್ಲೂಕಿನ ಆವನಿಯ ಜನ ಇದನ್ನು ತಮ್ಮ ರೀತಿಯಲ್ಲಿ ಅರಿತಿದ್ದಾರೆ. ಸೀತೆ ಲವಕುಶರನ್ನು ಹೆತ್ತದ್ದೂ, ಮಕ್ಕಳು ತಂದೆಯ ಸೈನ್ಯದೊಡನೆ ಕಾದಿದ್ದೂ ಅಲ್ಲಿಯೇ ಎಂಬುದು ಅವರ ನಂಬಿಕೆ. ಆದರೆ ಬೆಟ್ಟದ ಮೇಲಿನ ಗುಡಿ ಸೀತೆಯದು. ಕಾದಿದವರದಲ್ಲ, ಕಾಡಿನಲ್ಲಿ ಹೆತ್ತು ಸಾಕಿದವಳದು.

ಶಾಂತಿಯ ಮಾತುಕತೆಯಲ್ಲಿ ಮಹಿಳೆಯರಿಗೆ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದಲ್ಲಿ 1325ನೆಯ ನಿರ್ಣಯದ ಮೂಲಕ ಒಪ್ಪಿತು. ಹೆಂಗಸರೊಡಗೂಡಿ ಮರ ನೆಟ್ಟ ಕೀನ್ಯಾದ ವಂಗಾರಿ ಮಾಥಾಯಿಗೆ 2004ರಲ್ಲಿ ದೊರೆತದ್ದು ನೊಬೆಲ್ ಶಾಂತಿ ಪ್ರಶಸ್ತಿ. ನೆಲ, ನೀರು, ಮರ ಬರಿದಾದಲ್ಲಿ ಕಲಹ ಹುಟ್ಟುತ್ತದೆಂಬ ಸತ್ಯಕ್ಕೆ ಸಂದ ಮನ್ನಣೆಯದು.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರಕ್ಕೆ ಈ ಮಾತು ದೂರದ್ದಲ್ಲ. ಕೆರೆ ಬತ್ತಿ, ಕೊಳವೆಬಾವಿ ಆಳಕ್ಕಿಳಿದಂತೆಲ್ಲ ಕೇರಿ ಕೇರಿಗಳ ನಡುವೆ ಮನಸ್ತಾಪ ಬೆಳೆಯುತ್ತದೆ. ಬಿಂದಿಗೆ ಹಿಡಿದು ಕಾಯುವವಳೇ ಆ ಜಗಳದ ಮೊದಲ ಪೆಟ್ಟು ತಿನ್ನುವವಳು. ಕರ್ನಾಟಕದಲ್ಲಿ 2010ರಿಂದ ಪಂಚಾಯಿತಿಯ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ಆದರೆ ಆಕೆಯ ಪರವಾಗಿ ಗಂಡ ಮಾತಾಡುವ ಸಭೆಯಲ್ಲಿ ಆ ಸ್ಥಾನಕ್ಕೆ ಅರ್ಥವೇನು? ಕೆರೆಯ ಹೂಳು, ಗೋಮಾಳ, ಬೆಟ್ಟದ ಕಲ್ಲುಗಣಿ ಇವುಗಳ ತೀರ್ಮಾನ ಆಕೆಯ ಬಾಯಿಂದಲೇ ಬರಬೇಕು. ಆಕೆಗೆ ಕಲ್ಲು ನೆಡುವುದು ಬೇಡ. ಸಭೆಯಲ್ಲಿ ಮಾತಿಗೆ ಎಡೆ ಕೊಟ್ಟರೆ ಸಾಕು.