ಮನೆವಾರ್ತೆ: ಪುಡಿ ಮುಗಿದ ರಾತ್ರಿ

ಸರಕಾರಿ ಕಚೇರಿಯ ಗುಮಾಸ್ತರಾದ ನಾವು ಬಿ.ಎ. ಪಾಸು ಮಾಡಿದವರು. ಹಳೆಯ ಕಡತವೊಂದನ್ನು ಹುಡುಕಿ ತೆಗೆಯುವುದರಲ್ಲಿ ನಮ್ಮನ್ನು ಮೀರಿಸುವವರು ಶಾಖೆಯಲ್ಲಿಲ್ಲವೆಂದು ನಾವೇ ಹೇಳಿಕೊಳ್ಳುವುದುಂಟು. ಆದರೆ ಮನೆಯಲ್ಲಿ ಬಟ್ಟೆ ಒಗೆಯುವ ಪುಡಿ ಎಲ್ಲಿರುತ್ತದೆ, ತಿಂಗಳಿಗೆ ಎಷ್ಟು ಬೇಕು ಎಂಬುದು ಮದುವೆಯಾಗಿ ಒಂಬತ್ತು ವರ್ಷವಾದರೂ ನಮಗೆ ತಿಳಿದಿರಲಿಲ್ಲ. ತಿಳಿಯುವ ಪ್ರಸಂಗ ಈ ಮಳೆಗಾಲದಲ್ಲಿ ಒದಗಿತು. ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ನಮ್ಮ ಮನೆಯವರು ತಂಗಿಯ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಮುಂಬಯಿಯ ಮನೆಯಲ್ಲಿ ನಾವು, ನಮ್ಮ ಅಮ್ಮ, ಎರಡನೆಯ ತರಗತಿಯ ಮಗಳು. ಭಾನುವಾರ ರಾತ್ರಿ ಒಂಬತ್ತಕ್ಕೆ ಮಗಳು ಶಾಲೆಯ ಬಿಳಿ ಶರಟನ್ನು ಹಿಡಿದುಕೊಂಡು ಬಂದಳು. ಎದೆಯ ಮೇಲೆ ಅಂಗೈಯಗಲ ಹುಳಿಯ ಕಲೆ. “ನಾಳೆ ಪ್ರಾರ್ಥನೆಗೆ ನಮ್ಮ ಕ್ಲಾಸಿನ ಸರದಿ. ನಾನು ಮುಂದಿನ ಸಾಲಲ್ಲಿ ನಿಲ್ಲಬೇಕು, ಅಪ್ಪಾ.” ಅವಳಿಗೆ ಹಿಡಿಸುವ ಶರಟು ಅದೊಂದೇ. ಪುಡಿಯ ಡಬ್ಬಿ ತೆಗೆದರೆ ತಳ ಕಾಣುತ್ತಿತ್ತು. ಹೊರಗೆ ಧಾರಾಕಾರ ಮಳೆ, ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಹುಡುಗರೂ ಆ ರಾತ್ರಿ ಬರುವಂತಿರಲಿಲ್ಲ.

ಪಾತ್ರೆ ತೊಳೆಯುವ ದ್ರವವೂ ಕೊಳೆ ತೆಗೆಯುವಂಥದೇ ಅಲ್ಲವೇ ಎಂದು ತರ್ಕಿಸಿ ನಾಲ್ಕು ಚಮಚ ಯಂತ್ರಕ್ಕೆ ಸುರಿದೆವು. ಕಾಲು ಗಂಟೆಯಲ್ಲಿ ನೊರೆ ಉಕ್ಕಿ ಬಚ್ಚಲನ್ನು ದಾಟಿ ಅಡುಗೆಮನೆಯ ಹೊಸ್ತಿಲಿಗೆ ಬಂತು. ಯಂತ್ರಕ್ಕೆಂದು ಮಾಡಿದ ಪುಡಿಯಲ್ಲಿ ನೊರೆ ಕಡಿಮೆ ಬರುವಂತೆ ಏರ್ಪಾಡು ಇರುತ್ತದೆ. ಪಾತ್ರೆಯ ದ್ರವದಲ್ಲಿ ಅದಿಲ್ಲ. ಬಕೆಟ್ಟಿನಲ್ಲಿ ಕೈಯಿಂದ ಒಗೆಯುವುದಾದರೆ ಒಂದು ಚಮಚ ಸಾಕು, ಜಿಡ್ಡಿನ ಕಲೆಗೆ ಒಳ್ಳೆಯದೂ ಹೌದು. ಯಂತ್ರಕ್ಕೆ ಮಾತ್ರ ಬೇಡ.

ನೊರೆ ಬಳಿಯುತ್ತಿದ್ದ ನಮ್ಮನ್ನು ನೋಡಿ ಅಮ್ಮ, “ಒಂದು ಅಂಗಿಗೆ ಆ ಮಿಷನ್ನು ಯಾಕೋ? ಬಕೆಟ್ ತಗೊಂಡು ಬಾ” ಎಂದರು. ಅವರ ಬೆರಳ ಗಂಟುಗಳು ಈಗ ಹಿಡಿದುಕೊಂಡಿವೆ, ಹಿಂಡಲಾಗದು. ಅವರು ಮಣೆಯ ಮೇಲೆ ಕೂತು ಹೇಳಿದರು, ನಾವು ಮಾಡಿದೆವು. ಸ್ನಾನದ ಸೋಪನ್ನು ಚಾಕುವಿನಿಂದ ತೆಳ್ಳಗೆ ಹೆರೆದು, ಎರಡು ಚಮಚದಷ್ಟನ್ನು ಬಿಸಿನೀರಿನಲ್ಲಿ ಕರಗಿಸಿ, ಶರಟನ್ನು ಅರ್ಧ ಗಂಟೆ ನೆನೆಯಿಟ್ಟೆವು. ಪುಣ್ಯಕ್ಕೆ ನಮ್ಮ ನಲ್ಲಿಗೆ ಬರುವುದು ತಾನಸಾ, ವೈತರಣಾ, ಭಾತಸಾ ಮುಂತಾದ ಜಲಾಶಯಗಳ ನೀರು. ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ. ಕೊಳವೆಬಾವಿಯ ಗಡುಸು ನೀರಿನಲ್ಲಿ ಸುಣ್ಣದಂಶ ಸೋಪಿನೊಡನೆ ಕೂಡಿ ಜಿಗುಟು ಗಷ್ಟಾಗುತ್ತದೆ, ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ. ಅಂಥ ನೀರಿರುವ ಚೆನ್ನೈ, ಹೈದರಾಬಾದಿನ ಬಂಧುಗಳು ಮೊದಲು ಒಂದು ಚಮಚ ಒಗೆಯುವ ಸೋಡಾ ಬೆರೆಸಿಕೊಳ್ಳಬೇಕು. ರೇಷ್ಮೆಗೂ ಉಣ್ಣೆಗೂ ಆ ಸೋಡಾ ತಾಗಿಸಬಾರದು.

ಕಲೆಯ ಮೇಲೆ ಸೋಪು ಉಜ್ಜಿದೆವು. ಹಳದಿಯ ಕಲೆ ಕಣ್ಣೆದುರಿಗೇ ಕೆಂಪಾಯಿತು! ನಮ್ಮ ಎದೆ ಧಸಕ್ಕೆಂದಿತು. ಮಗಳು ಅಳುವುದಕ್ಕೆ ಸಿದ್ಧಳಾದಳು. ಅಮ್ಮ ನಕ್ಕುಬಿಟ್ಟರು. “ಆರತಿಗೆ ಓಕುಳಿ ಕಲಸೋದು ನೋಡಿಲ್ವೇನೋ? ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗಲ್ವ? ಹುಳಿಗೆ ಅರಿಶಿನ ಹಾಕಿರಲ್ವ? ನೀರಲ್ಲಿ ಜಾಲಿಸು, ಮತ್ತೆ ಹಳದಿಯಾಗುತ್ತೆ. ಉಳಿದದ್ದು ಬಿಸಿಲಿಗೆ ಹೋಗುತ್ತೆ.” ಸೋಪೂ ಸುಣ್ಣದಂತೆ ಕ್ಷಾರವೇ. ಮೂರು ಸಲ ಜಾಲಿಸಿದ ಮೇಲೆ ನಸುಹಳದಿಯ ಛಾಯೆಯೊಂದು ಉಳಿಯಿತು.

“ಬ್ಲೀಚಿಂಗ್ ಪೌಡರ್ ಹಾಕಲೇ? ಕಕ್ಕಸು ತೊಳೆಯುವ ಆಮ್ಲವೂ ಇದೆ” ಎಂದೆವು. ಅಮ್ಮ ಬೈದರು, ಬೈದದ್ದು ಸರಿಯೇ. ಅವೆರಡೂ ಕೂಡಿದರೆ ಕ್ಲೋರೀನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ.

ಶರಟನ್ನು ಒಣ ಟವಲಿನಲ್ಲಿ ಸುತ್ತಿ ಹಿಂಡಿ ಫ್ಯಾನಿನ ಕೆಳಗೆ ಹರಡಿದೆವು. ಅಮ್ಮ ತಮ್ಮ ಕಾಲದ ಮಾತೆತ್ತಿದರು. ಪಟ್ಟೆಸೀರೆಗೆ ಸೋಪು ಮುಟ್ಟಿಸುತ್ತಿರಲಿಲ್ಲವಂತೆ. ಅಂಟುವಾಳಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಕಿವುಚಿದರೆ ಆಯಿತು. ಕಣ್ಣಿಗೆ ಮಾತ್ರ ಸಿಡಿಯಬಾರದು. ಇಲ್ಲಿಯ ಅಂಗಡಿಯಲ್ಲಿ ಅದನ್ನು ರೀಠಾ ಎಂದು ಕೇಳಬೇಕು. “ಅಪ್ಪನೂ ಒಗೆಯುತ್ತಿದ್ದರೇ?” ಎಂದು ಕೇಳಿದೆವು. “ನಿಮ್ಮಪ್ಪನಿಗೆ ಮಡಿಚಿಟ್ಟ ಬಟ್ಟೆ ಗೊತ್ತಿತ್ತು. ಒಗೆಯೋ ಬಟ್ಟೆ ಗೊತ್ತಿರಲಿಲ್ಲ” ಎಂದು ತಮ್ಮ ಬೆರಳುಗಳನ್ನು ನೀವಿಕೊಂಡರು. ನಾವು ಮಾತಾಡಲಿಲ್ಲ.

ಬೆಳಿಗ್ಗೆ ಇಸ್ತ್ರಿ ಮಾಡಿ, ಕಲೆ ಉಳಿದ ಕಡೆಗೆ ಶಾಲೆಯ ಗುರುತಿನ ಚೀಟಿ ತೂಗಿಬೀಳುವಂತೆ ದಾರ ಗಿಡ್ಡ ಮಾಡಿಕೊಟ್ಟೆವು. ಮಗಳು ಮುಂದಿನ ಸಾಲಿನಲ್ಲೇ ನಿಂತಳಂತೆ.

ಮನೆಯವರಿಗೆ ಫೋನಿನಲ್ಲಿ ಈ ಸಾಹಸವನ್ನು ವರ್ಣಿಸಿದೆವು. ಅವರು ಎಲ್ಲವನ್ನೂ ಕೇಳಿ, “ಪುಡಿ ಮುಗೀತಾ ಬಂತು, ತನ್ನಿ ಅಂತ ಹೊರಡೋ ದಿನವೇ ಹೇಳಿದ್ದೆನಲ್ಲಾ ರೀ. ನೀವು ಹೂಂ ಅಂದಿರಿ” ಎಂದರು. ಅಂದದ್ದು ನಿಜ. ಪತ್ರಿಕೆ ಓದುತ್ತಾ ಅಂದಿದ್ದೆವು.

ಸಂಜೆ ಮಳೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ ಪುಡಿ ಕೇಳಿದೆವು. ಅಂಗಡಿಯವನು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ವಹಿನಿ ಊರಲ್ಲಿಲ್ಲವೇ?” ಎಂದು ಮರಾಠಿಯಲ್ಲಿ ವಿಚಾರಿಸಿದ. ಬಳಿಕ, ಬಟ್ಟೆಯನ್ನು ಮೇಲಿನಿಂದ ಹಾಕುವ ಯಂತ್ರವೋ ಮುಂದಿನಿಂದ ಹಾಕುವುದೋ, ಒಂದು ಕಿಲೋ ಬೇಕೋ ಎರಡೋ ಎಂದ. ಮೊದಲನೆಯ ಪ್ರಶ್ನೆಗೆ ಉತ್ತರ ಹಿಂದಿನ ರಾತ್ರಿಯಷ್ಟೇ ಕಲಿತದ್ದು, ಕೂಡಲೇ ಹೇಳಿದೆವು. ಎರಡನೆಯದಕ್ಕೆ ಶಿವಮೊಗ್ಗಕ್ಕೆ ಫೋನು ಮಾಡಬೇಕಾಯಿತು.