ಹಂದಿಯ ಮೂತ್ರಪಿಂಡ ಮತ್ತು ಐವತ್ತು ವರ್ಷಗಳ ಹೊಣೆ

ರಾಬರ್ಟ್‌ಸನ್‌ಪೇಟೆ: ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2022ರ ಜನವರಿ 7ರಂದು, ವಂಶವಾಹಿ ಮಾರ್ಪಡಿಸಿದ ಹಂದಿಯ ಹೃದಯವನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ಡೇವಿಡ್ ಬೆನೆಟ್ ಎಂಬುವರಿಗೆ ಕಸಿ ಮಾಡಿದರು. ಎರಡು ತಿಂಗಳಲ್ಲಿ ಅವರು ಮೃತಪಟ್ಟರು. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ರೋಗಿಯೊಬ್ಬರಿಗೆ ಇಂಥದ್ದೇ ಹಂದಿಯ ಮೂತ್ರಪಿಂಡ ಜೋಡಿಸಲಾಯಿತು. 2025ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ವಿಧಿವತ್ತಾದ ಪ್ರಯೋಗಗಳಿಗೇ ಅನುಮತಿ ನೀಡಿತು. ಪ್ರಾಣಿಯ ಅಂಗ ಮನುಷ್ಯನ ದೇಹಕ್ಕೆ ಎಂಬುದು ಇನ್ನು ಕೇವಲ ಕಲ್ಪನೆಯಲ್ಲ.

ದೂರದ ಈ ಸುದ್ದಿಗೂ ಚಿನ್ನದ ಗಣಿ ಪಟ್ಟಣಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧವಿದೆ. ಮೂತ್ರಪಿಂಡ ವಿಫಲವಾದವರಿಗೆ ಡಯಾಲಿಸಿಸ್ ಅಥವಾ ಕಸಿ, ಇವೆರಡೇ ದಾರಿ. ಕಸಿ ಬೇಕೆಂದರೆ ಇಲ್ಲಿನವರು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನತ್ತ ಮುಖ ಮಾಡಬೇಕು. ಅಲ್ಲಿಯೂ ಅಂಗಕ್ಕಾಗಿ ಕಾಯುವವರ ಸಾಲು ದೊಡ್ಡದು.

ಮಡಿವಂತಿಕೆಯ ಪ್ರಶ್ನೆಯಲ್ಲ

ಹಂದಿ ಎಂದೊಡನೆ ಧರ್ಮ, ಮೈಲಿಗೆಗಳ ಮಾತು ಏಳುವುದುಂಟು. ಆದರೆ ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ನೀಡುವ ಹೆಪಾರಿನ್ ಔಷಧವನ್ನು ಬಹುಪಾಲು ಹಂದಿಯ ಕರುಳಿನಿಂದಲೇ ತಯಾರಿಸಲಾಗುತ್ತದೆ. ಹಂದಿ, ದನಗಳ ಅಂಗಾಂಶದಿಂದ ಮಾಡಿದ ಹೃದಯದ ಕವಾಟಗಳು ದಶಕಗಳಿಂದ ಬಳಕೆಯಲ್ಲಿವೆ. ಜೀವ ಉಳಿಸುವ ಅನಿವಾರ್ಯತೆಗೆ ಬಹುತೇಕ ಧರ್ಮಗಳು ವಿನಾಯಿತಿ ನೀಡಿವೆ. ಅಂಗಕ್ಕೆಂದೇ ಪ್ರಾಣಿಯನ್ನು ಸಾಕಿ ಕೊಲ್ಲುವುದು ಸರಿಯೇ ಎಂಬ ಆಕ್ಷೇಪ ಗೌರವಾರ್ಹವಾದುದೇ. ಆದರೆ ಆಹಾರಕ್ಕಾಗಿ ಕೊಲ್ಲುವುದನ್ನು ಒಪ್ಪಿದ ಸಮಾಜವು ಇದನ್ನಷ್ಟೇ ನಿಷೇಧಿಸಲು ಕಾರಣ ಹುಡುಕಬೇಕಾಗುತ್ತದೆ.

ಪರವಾದ ವಾದವೂ ದುರ್ಬಲವಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮೂತ್ರಪಿಂಡ ಮಾರಾಟದ ಜಾಲ ಬಯಲಾದಾಗ, ಸಾಲಕ್ಕೆ ಸಿಕ್ಕ ಬಡವನ ದೇಹವೇ ಸರಕಾಗಿದ್ದುದು ಜಗಜ್ಜಾಹೀರಾಯಿತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು ಇಂಥ ವ್ಯಾಪಾರವನ್ನು ತಡೆಯಲೆಂದೇ. ಹಂದಿಯ ಅಂಗ ಸುರಕ್ಷಿತವಾಗಿ ದೊರೆತರೆ ಆ ಮಾರುಕಟ್ಟೆಯೇ ಕುಸಿಯಬಹುದು.

ಆದರೆ ಅವಸರದ ಅಪಾಯವನ್ನು ಭಾರತ ಕಂಡಿದೆ. 1997ರ ಜನವರಿಯಲ್ಲಿ ಅಸ್ಸಾಮಿನ ಸೋನಾಪುರದಲ್ಲಿ ಡಾ. ಧನಿರಾಮ್ ಬರುವಾ ಅವರು 32 ವರ್ಷದ ರೋಗಿಯೊಬ್ಬರಿಗೆ ಹಂದಿಯ ಹೃದಯ ಮತ್ತು ಶ್ವಾಸಕೋಶ ಜೋಡಿಸಿದರು. ರೋಗಿ ಒಂದು ವಾರ ಬದುಕಿದರು, ವೈದ್ಯರು ಬಂಧನಕ್ಕೊಳಗಾದರು.

ನಿಜವಾದ ತೊಡಕು

ಬೆನೆಟ್ ಅವರ ದೇಹದಲ್ಲಿ ಹಂದಿಯ ಒಂದು ಬಗೆಯ ವೈರಾಣು ಬಳಿಕ ಪತ್ತೆಯಾಯಿತು. ಪ್ರಾಣಿಯ ಸೋಂಕು ಒಬ್ಬ ರೋಗಿಯಿಂದ ಸಮುದಾಯಕ್ಕೆ ಹರಡೀತೆಂಬ ಭಯದಿಂದ ಅಮೆರಿಕದ 2001ರ ಮಾರ್ಗಸೂಚಿಯು ಇಂಥ ರೋಗಿಗಳ ಮೇಲೆ ಜೀವನಪರ್ಯಂತ ನಿಗಾ ಇಡಬೇಕೆಂದೂ, ರಕ್ತದ ಮಾದರಿಗಳನ್ನು ಮತ್ತು ದಾಖಲೆಗಳನ್ನು 50 ವರ್ಷ ಕಾಪಾಡಬೇಕೆಂದೂ ಹೇಳುತ್ತದೆ. ಸಾಮಾನ್ಯ ಪ್ರಯೋಗದಿಂದ ರೋಗಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಇಲ್ಲಿ ಆ ಸ್ವಾತಂತ್ರ್ಯವೇ ಕುಗ್ಗುತ್ತದೆ. ರೋಗಿ ತನ್ನ ಆಯುಷ್ಯವನ್ನು ಒಪ್ಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಸಂಸ್ಥೆ ಏನನ್ನು ಒಪ್ಪಿಸುತ್ತದೆ?

ಈ ಪ್ರಶ್ನೆಯನ್ನು ಕೋಲಾರ ಚಿನ್ನದ ಗಣಿಯಷ್ಟು ಚೆನ್ನಾಗಿ ಬಲ್ಲ ಊರು ಅಪರೂಪ. 1940ರಿಂದ 1946ರವರೆಗೆ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಕಲ್ಲಿನ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುವ ಈ ರೋಗ ಕೆಲಸ ಬಿಟ್ಟ ಎಷ್ಟೋ ವರ್ಷಗಳ ಬಳಿಕವೂ ತಲೆದೋರುತ್ತದೆ. ಅದನ್ನು ವಾಸಿಮಾಡುವ ಮದ್ದಿಲ್ಲ. 1972ರಲ್ಲಿ ಸ್ಥಾಪನೆಯಾದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಲ್ಲಿಸಿತು. ಸಂಸ್ಥೆಯ ಆಸ್ಪತ್ರೆಯೂ ಬಾಗಿಲು ಹಾಕಿತು. ರೋಗ ಮಾತ್ರ ಕಾರ್ಮಿಕರ ಎದೆಯಲ್ಲಿ ಉಳಿಯಿತು. ಸರ್ಕಾರಿ ಸಂಸ್ಥೆಯೇ ಮೂವತ್ತು ವರ್ಷ ಬಾಳಲಿಲ್ಲವೆಂದ ಮೇಲೆ, ಖಾಸಗಿ ಜೈವಿಕ ತಂತ್ರಜ್ಞಾನ ಕಂಪನಿಯೊಂದು ಐವತ್ತು ವರ್ಷ ಹೊಣೆ ಹೊರುವುದೆಂದು ನಂಬುವುದು ಹೇಗೆ?

ಗಣಿಗೆ ಇಳಿದವರು ಯಾರೂ ಬಲವಂತದಿಂದ ಇಳಿದವರಲ್ಲ ಎಂಬ ಮಾತು ಹಿಂದೆ ಕೇಳಿಬರುತ್ತಿತ್ತು. ಬೇರೆ ದಾರಿ ಇಲ್ಲದವನು ಹಾಕುವ ಹೆಬ್ಬೆಟ್ಟು ಎಷ್ಟರಮಟ್ಟಿಗೆ ಸಮ್ಮತಿಯಾದೀತು ಎಂಬುದೇ ಅಂದಿನ ಪ್ರಶ್ನೆ, ಇಂದಿನದೂ ಅದೇ.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಭರವಸೆ ನೀಡಿವೆ. ಪ್ರಾಣಿ ಅಂಗಗಳ ವಿಷಯದಲ್ಲಿ ಇಷ್ಟು ಸಾಲದು. ಪ್ರಯೋಗ ನಡೆಸುವ ಸಂಸ್ಥೆ ಆಜೀವ ಚಿಕಿತ್ಸೆಯ ಹಣವನ್ನು ಮುಂಚಿತವಾಗಿಯೇ ಸರ್ಕಾರದ ನಿಧಿಯಲ್ಲಿಡಬೇಕು. ದಾಖಲೆಗಳು ಸಾರ್ವಜನಿಕ ಸಂಸ್ಥೆಯ ವಶದಲ್ಲಿರಬೇಕು. ಸಮ್ಮತಿ ಪತ್ರವನ್ನು ರೋಗಿಯ ಮನೆಮಾತಿನಲ್ಲಿ, ಈ ಊರಿನಲ್ಲಾದರೆ ತಮಿಳು, ತೆಲುಗು, ಉರ್ದುವಿನಲ್ಲೂ ವಿವರಿಸಬೇಕು.

ವಿಜ್ಞಾನವನ್ನು ತಡೆಯುವುದು ಈ ಮಾತಿನ ಉದ್ದೇಶವಲ್ಲ. ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿದವರಿಗೆ ಅದರ ಅಗತ್ಯ ಎಲ್ಲರಿಗಿಂತ ಹೆಚ್ಚು. ಆದರೆ ಚಿನ್ನ ತೆಗೆದವರು ಹೊರಟುಹೋದ ಮೇಲೆ ಸೈನೈಡ್ ದಿಬ್ಬಗಳ ನಡುವೆ ಉಳಿದವರು ಯಾರೆಂಬುದು ಈ ಊರಿಗೆ ಗೊತ್ತಿದೆ. ಹೊಸ ಪ್ರಯೋಗದ ಬಾಗಿಲು ತೆರೆಯುವ ಮುನ್ನ, ಅದು ಮುಚ್ಚಿದಾಗ ರೋಗಿಯ ಗತಿ ಏನೆಂಬುದು ತೀರ್ಮಾನವಾಗಲಿ.