ನಾಯಿ ವಿಲನ್ ಆದರೆ ಡೈರೆಕ್ಟರ್ ಯಾರು?

ಶ್ರೀರಾಂಪುರದ ನಮ್ಮ ಬೀದಿಗೆ ಗೆಳೆಯನೊಬ್ಬ ರಾಟ್‌ವೀಲರ್ ಮರಿ ತಂದ. ಹೆಸರು ಟೈಗರ್. ಹುಡುಗರೆಲ್ಲ ಅದರ ಫ್ಯಾನ್ಸು, ನಾನೂ ಸೇರಿ! ಹಗಲೆಲ್ಲ ಮೋಟು ಸರಪಳಿ. ಸಂಜೆಯಾದರೆ ದಾರಿಹೋಕರ ಮೇಲೆ ಛೂ ಬಿಟ್ಟು ಮಜಾ. ನಾವು ಶಿಳ್ಳೆ ಹೊಡೀತಿದ್ದೆವು. ಎರಡನೇ ವರ್ಷ ಸರಪಳಿ ಕಿತ್ತುಕೊಂಡು ಹಾಲು ಹಾಕುವ ಹುಡುಗನ ಮೀನಖಂಡಕ್ಕೇ ಬಾಯಿ ಹಾಕಿತು. ನಲ್ಲಿ ಕೆಳಗೆ ಸೋಪು ಹಚ್ಚಿ ಗಾಯ ತೊಳೆದು ಆಸ್ಪತ್ರೆಗೆ ಕರೆದೊಯ್ದವನು ನಾನೇ. ಇಂಜೆಕ್ಷನ್ ಚುಚ್ಚುವಾಗ ಅವನು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದ. ಶಿಳ್ಳೆಯ ವಿಷಯ ಹೇಳೋಕೆ ಬಾಯಿ ಬರಲಿಲ್ಲ.

'ಆ ತಳೀನೇ ಹಂಗೆ ಬಿಡೋ' ಅಂತ ಗೆಳೆಯನ ಡೈಲಾಗು. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವೂ ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನು ಸಾಕೋದು, ಮಾರೋದು ನಿಲ್ಲಿಸಿ ಎಂದು ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಮಾಲೀಕ ಪಾರಾಗಲಿಲ್ಲ ಗುರೂ! ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು.

2022ರ '777 ಚಾರ್ಲಿ' ನೋಡಿ ಅತ್ತವರೇ, ಆ ಲ್ಯಾಬ್ರಡಾರ್‌ಗೂ ಟ್ರೈನಿಂಗ್ ಕೊಟ್ಟೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ದು. ರಾಟ್‌ವೀಲರ್ ಗಂಡು 50 ಕೆ.ಜಿ. ದಾಟುತ್ತೆ! ಮರಿಗೆ ಮೂರು ತಿಂಗಳು ತುಂಬುವ ಮೊದಲೇ ಮಕ್ಕಳು, ಅಪರಿಚಿತರು, ಸ್ಕೂಟರ್ ಸದ್ದು ಎಲ್ಲ ರೂಢಿ ಮಾಡಿಸಬೇಕು. ದಿನಾ ವಾಕಿಂಗ್, ಗಟ್ಟಿ ಬೆಲ್ಟು, ಲಸಿಕೆ, ಗೇಟಿಗೆ ಚಿಲಕ. ಛೂ ಬಿಡೋ ಆಟವಂತೂ ಬೇಡವೇ ಬೇಡ.

ಗೆಳೆಯ ಇದ್ಯಾವುದನ್ನೂ ಮಾಡಲಿಲ್ಲ. ಒಂದು ರಾತ್ರಿ ಟೈಗರ್‌ನ ನಂಜನಗೂಡು ರಸ್ತೆಯಲ್ಲಿ ಬಿಟ್ಟು ಬಂದ. ಮೂರು ದಿನ ಬೈಕಿನಲ್ಲಿ ಹುಡುಕಿದೆ. ಸಿಗಲಿಲ್ಲ.